ದಾರದಂತೆ ಮುಗಿಯುವ ಬಾಲ: ಇದು ಯಾವ ಮೀನು?

ಕುಂಬಳೆ ಮೇಷ್ಟ್ರು:
ಕೊಲ್ಲಂ ಕಡೆ ಆಳಸಮುದ್ರದ ಸಿಗಡಿ ಬೋಟಿನಲ್ಲಿ ದುಡಿಯುವ ನೆರೆಮನೆಯ ಹುಡುಗ, ಊರಿಗೆ ಬರುವಾಗ ಮಂಜುಗಡ್ಡೆಯಲ್ಲಿಟ್ಟು ಒಂದು ಮೀನನ್ನು ತಂದಿದ್ದಾನೆ. ತಲೆ ದೊಡ್ಡದು, ಕಣ್ಣು ಗೋಲಿಯಷ್ಟು. ಹಿಂದಕ್ಕೆ ಹೋದಂತೆ ಮೈ ಸಪೂರವಾಗಿ ದಾರದಂತೆ ಮುಗಿಯುತ್ತದೆ. ಬಂಗುಡೆಗಿರುವಂತಹ ಕವಲುಬಾಲ ತುಂಡಾಗಿರಬಹುದೆಂದುಕೊಂಡೆ, ಆದರೆ ಗಾಯದ ಗುರುತಿಲ್ಲ. ಬಾಯಿಯಿಂದ ಚೀಲದಂತಹುದೇನೋ ಹೊರಬಂದಿದೆ. ಇದು ರೋಗವೇ? ಇದನ್ನು ತಿನ್ನುತ್ತಾರೆಯೇ?

ಮಂಜೇಶ್ವರದ ಓದುಗ:
ಮೇಷ್ಟ್ರೇ, ಬಾಲ ತುಂಡಾಗಿಲ್ಲ, ಅದು ಇರುವುದೇ ಹಾಗೆ. ನೀವು ಹೇಳಿದ ಲಕ್ಷಣಗಳೆಲ್ಲ ಗ್ರೆನೇಡಿಯರ್ ಮೀನಿನವು. ಕಾಡ್ ಮೀನಿನ ಬಳಗಕ್ಕೆ ಸೇರಿದ ಈ ಕುಟುಂಬದ ಹೆಸರು ಮ್ಯಾಕ್ರೂರಿಡೇ; ಇಂಗ್ಲಿಷಿನವರು ಆಡುಮಾತಿನಲ್ಲಿ ‘ಇಲಿಬಾಲ’ವೆಂದೇ ಕರೆಯುತ್ತಾರೆ. ಹೆಚ್ಚಿನ ಜಾತಿಗಳಿಗೆ ಗದ್ದದಡಿಯಲ್ಲಿ ಮೀಸೆಯಂತಹ ಒಂದೇ ಒಂದು ಎಳೆಯಿರುತ್ತದೆ, ಅದನ್ನು ನೋಡಿ ಹೇಳಿ. ಬಾಯಿಯಿಂದ ಹೊರಬಂದದ್ದು ಜಠರ. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಒಂದು ವಾಯುಭಾರದಷ್ಟು ಏರುವುದರಿಂದ, ನೂರಾರು ಮೀಟರ್ ಕೆಳಗಿನಿಂದ ಬಲೆ ಎಳೆದಾಗ ಮೀನಿನ ಗಾಳಿಚೀಲ ಉಬ್ಬಿ ಜಠರವನ್ನು ಹೊರಕ್ಕೆ ತಳ್ಳುತ್ತದೆ. ರೋಗವೇನೂ ಅಲ್ಲ.

ಕಡಲತೀರದವಳು:
ಹೊಟ್ಟೆಯ ಅಡಿಯಲ್ಲಿ, ಗುದದ್ವಾರದ ಬಳಿ, ಕಪ್ಪು ಕಲೆಯಿದೆಯೇ ಎಂದೂ ನೋಡಿ. ಕೆಲವು ಜಾತಿಗಳಲ್ಲಿ ಅಲ್ಲಿ ಬೆಳಕು ಸೂಸುವ ಬ್ಯಾಕ್ಟೀರಿಯಾಗಳು ತುಂಬಿದ ಗ್ರಂಥಿಯಿರುತ್ತದೆ. ಪೋರ್ಚುಗಲ್‌ನ ಬೆಸ್ತರು ಅದನ್ನು ಹಿಂಡಿ, ಬಂದ ಹೊಳೆಯುವ ರಸವನ್ನು ಗಾಳದ ಎರೆಗೆ ಸವರುತ್ತಿದ್ದರಂತೆ. ನಮ್ಮವರಿಗೆ ಇದು ಹೊಳೆಯಲಿಲ್ಲವಲ್ಲ! ಅನೇಕ ಜಾತಿಗಳ ಗಂಡುಮೀನು ಗಾಳಿಚೀಲಕ್ಕೆ ಅಂಟಿದ ಸ್ನಾಯುಗಳನ್ನು ಅದುರಿಸಿ ಸದ್ದು ಮಾಡಬಲ್ಲದು. ಸಾವಿರಾರು ಮೀಟರ್ ಆಳದಲ್ಲಿರುವ ಜಾತಿಗಳ ಮೈಯಲ್ಲಿ ಟಿಎಂಎಓ ಎಂಬ ರಾಸಾಯನಿಕ ಹೆಚ್ಚಾಗಿದ್ದು, ಆ ಒತ್ತಡದಲ್ಲಿಯೂ ಪ್ರೋಟೀನುಗಳು ಕೆಡದಂತೆ ಕಾಯುತ್ತದೆ. ಮೀನು ಸತ್ತ ಮೇಲೆ ನಾರುವುದಕ್ಕೂ ಅದು ಒಡೆಯುವುದೇ ಒಂದು ಕಾರಣ.

ಮಂಜೇಶ್ವರದ ಓದುಗ:
ತಿನ್ನುವ ಪ್ರಶ್ನೆ ಬಿಟ್ಟುಹೋಗಿತ್ತು. ಉತ್ತರ ಅಟ್ಲಾಂಟಿಕ್‌ನ ದುಂಡುಮೂಗಿನ ಗ್ರೆನೇಡಿಯರನ್ನು ಯುರೋಪಿನಲ್ಲಿ ತಿನ್ನುತ್ತಾರೆ, ಆದರೆ ತಲೆ ಮತ್ತು ಬಾಲ ಕಳೆದರೆ ಉಳಿಯುವ ಮಾಂಸ ಅಷ್ಟಕ್ಕಷ್ಟೇ. ಐವತ್ತು ವರ್ಷ ದಾಟಿಯೂ ಬದುಕಬಲ್ಲ, ನಿಧಾನವಾಗಿ ಬೆಳೆಯುವ ಆ ಮೀನನ್ನು ಟ್ರಾಲ್ ಬಲೆಗಳು ಬರಿದು ಮಾಡಿದವು. ಅಲ್ಲಿ 800 ಮೀಟರ್‌ಗಿಂತ ಕೆಳಗೆ ತಳ ಗೋರುವ ಬಲೆಯನ್ನು 2016ರಲ್ಲಿ ಯುರೋಪಿಯನ್ ಒಕ್ಕೂಟ ನಿಷೇಧಿಸಿತು. ವಯಸ್ಸಿನ ಆ ಲೆಕ್ಕವನ್ನು ನಿಮ್ಮ ಪುಟ್ಟ ಮೀನಿಗೆ ಹಚ್ಚಬೇಡಿ. ತಲೆಯೊಳಗಿನ ಕಿವಿಗಲ್ಲನ್ನು ತೆಳ್ಳಗೆ ಸೀಳಿ, ಬಳೆಗಳನ್ನು ಎಣಿಸಿಯೇ ವಯಸ್ಸು ತಿಳಿಯಬೇಕು.

ಕುಂಬಳೆ ಮೇಷ್ಟ್ರು:
ಗದ್ದದಡಿಯಲ್ಲಿ ಎಳೆಯಿದೆ, ಅಕ್ಕಿಕಾಳಿನ ಉದ್ದದ್ದು. ಕಪ್ಪು ಕಲೆಯೂ ಇದೆ. ಬಾಲದಿಂದ ತಲೆಯತ್ತ ಬೆರಳಾಡಿಸಿದರೆ ಚಿಪ್ಪು ಅರದಂತೆ ಗೀರುತ್ತದೆ. ಕಿವಿಗಲ್ಲನ್ನು ನಾಳೆ ಮಕ್ಕಳೆದುರೇ ತೆಗೆಯುತ್ತೇನೆ; ಸಾರಿನ ಯೋಚನೆಯನ್ನು ಮನೆಯವರು ಈಗಾಗಲೇ ಕೈಬಿಟ್ಟಿದ್ದಾರೆ.