ಹೈಲಕ್ಸ್ 4x4: ಸ್ಟ್ಯಾಂಡರ್ಡ್ ಸಾಕಾ, ಹೈ ತಗೋಬೇಕಾ? ತೋಟಕ್ಕೂ ಊರಿಗೂ ಓಡಿಸುವವರ ಅನುಭವ ಬೇಕು

ಪ್ರಶ್ನೆ (ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು)

ಟೊಯೋಟಾ ಹೈಲಕ್ಸ್ ಪಿಕಪ್ ತಗೊಳ್ಳೋದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಯಾವ ವೇರಿಯಂಟ್ ಅನ್ನೋದರಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ. ನಾವು ನೋಡುತ್ತಿರೋದು ಮೂರು: ಸ್ಟ್ಯಾಂಡರ್ಡ್ ಮ್ಯಾನ್ಯುಯಲ್, ಹೈ ಮ್ಯಾನ್ಯುಯಲ್, ಹೈ ಆಟೊಮ್ಯಾಟಿಕ್. ಗೇಟಿನಿಂದ ಕಣದವರೆಗೆ ಕಡಿದಾದ ಮಣ್ಣುರಸ್ತೆ, ಮಧ್ಯೆ ಒಂದು ಹಳ್ಳ. ಗೊಬ್ಬರದ ಮೂಟೆ, ಕಾಫಿ ಚೀಲ, ಸ್ಪ್ರಿಂಕ್ಲರ್ ಪೈಪು ಹೇರಬೇಕು. ಆಗಾಗ ಬೆಂಗಳೂರಿಗೆ ಹೋಗಬೇಕು. ನಾನೂ ಓಡಿಸುತ್ತೇನೆ, ಡ್ರೈವರ್ ಕೂಡ ಓಡಿಸುತ್ತಾರೆ. ಶೋರೂಮಿನವರು ಹೈ ಆಟೊಮ್ಯಾಟಿಕ್ ಅಂತ ಒಂದೇ ಸಮನೆ ಹೇಳುತ್ತಾರೆ. ಬಳಸಿ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಸಕಲೇಶಪುರ, ಕಾಫಿ ಮತ್ತು ಮೆಣಸು

ಸರ್, ಮೊದಲು ಒಂದು ವಿಷಯ ತಲೆಯಿಂದ ತೆಗೆದುಹಾಕಿ: ದುಬಾರಿ ವೇರಿಯಂಟ್ ಕೆಸರಿನಲ್ಲಿ ಜಾಸ್ತಿ ಸಮರ್ಥ ಅನ್ನೋದು. ಮೂರರಲ್ಲೂ ಅದೇ 2.8 ಲೀಟರ್ ಡೀಸೆಲ್, ಅದೇ 204 ಪಿಎಸ್, ಅದೇ ಚಾಸಿ, ಹಿಂದೆ ಅದೇ ಪಟ್ಟಿ ಸ್ಪ್ರಿಂಗು. ಲೋ ರೇಂಜ್ (ನಿಧಾನ, ಹೆಚ್ಚು ಬಲದ ಗೇರು) ಇರುವ 4x4, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವ ವ್ಯವಸ್ಥೆ ಕೂಡ ಮೂರಕ್ಕೂ ಇದೆ. ಎಲ್4ಗೆ, ಅಂದರೆ ಆ ಲೋ ರೇಂಜಿಗೆ ಹಾಕಿದರೆ ಗೇರ್ ಸುಮಾರು ಎರಡೂವರೆ ಪಟ್ಟು ಇಳಿಯುತ್ತದೆ. ನಿಮ್ಮ ಕಣದ ಏರು ಹತ್ತಿಸುವುದು ಅದು, ಲೆದರ್ ಸೀಟಲ್ಲ.

ಹೈನಲ್ಲಿ ಹೆಚ್ಚಿಗೆ ಸಿಗೋದು ಎಲ್ಇಡಿ ಹೆಡ್‌ಲ್ಯಾಂಪ್, 18 ಇಂಚಿನ ಚಕ್ರ, ಲೆದರ್, ಎರಡು ಕಡೆ ಬೇರೆ ಬೇರೆ ತಾಪಮಾನದ ಏಸಿ, ಪವರ್ ಡ್ರೈವರ್ ಸೀಟು, ಇಂಥವು. ಒಳ್ಳೆಯದೇ, ಆದರೆ ಗೊಬ್ಬರದ ಕೈಯಲ್ಲಿ ಹತ್ತಿಳಿಯುವ ಗಾಡಿಗೆ ಬಟ್ಟೆ ಸೀಟಿನ ಮೇಲೆ ಒಂದು ರೆಕ್ಸಿನ್ ಕವರ್ ಹೊದಿಸಿದರೆ ಜೀವನ ಸಲೀಸು.

ನಿಜವಾದ ವ್ಯತ್ಯಾಸ ಗೇರ್‌ಬಾಕ್ಸಿನದು. ಟಾರ್ಕ್, ಅಂದರೆ ಎಂಜಿನ್ನಿನ ಎಳೆಯುವ ಬಲ, ಮ್ಯಾನ್ಯುಯಲ್‌ಗೆ 420 ನ್ಯೂಟನ್ ಮೀಟರ್, ಆಟೊಮ್ಯಾಟಿಕ್‌ಗೆ 500. ಆಟೊಮ್ಯಾಟಿಕ್ ಬರೋದು ಹೈನಲ್ಲಿ ಮಾತ್ರ. ಹಾಗಾಗಿ "ಆಟೊಮ್ಯಾಟಿಕ್ ಬೇಕೇ ಬೇಡವೇ" ಅಂತ ಮೊದಲು ನಿರ್ಧರಿಸಿ. ಬೇಕು ಅಂದರೆ ಆಯ್ಕೆ ಮುಗಿಯಿತು. ಬೇಡ ಅಂದರೆ ಸ್ಟ್ಯಾಂಡರ್ಡ್. ನಡುವಿನ ಹೈ ಮ್ಯಾನ್ಯುಯಲ್‌ಗೆ ನನಗೆ ಕಾರಣ ಕಾಣುವುದಿಲ್ಲ.

ಬೆಂಗಳೂರು, ವಾಹನ ವಿಮೆ ಮತ್ತು ಆರ್‌ಟಿಓ ಕೆಲಸ

ಮೇಲಿನವರು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. 2022ರಲ್ಲಿ ಗಾಡಿ ಬಂದಾಗ ಎಕ್ಸ್-ಶೋರೂಂ ಬೆಲೆ ಸ್ಟ್ಯಾಂಡರ್ಡ್‌ಗೆ 33.99 ಲಕ್ಷ, ಹೈ ಮ್ಯಾನ್ಯುಯಲ್‌ಗೆ 35.80, ಹೈ ಆಟೊಮ್ಯಾಟಿಕ್‌ಗೆ 36.80. ಆಗ ಎರಡು ಮ್ಯಾನ್ಯುಯಲ್‌ಗಳ ನಡುವೆ ಅಂತರ 1.81 ಲಕ್ಷ, ಹೈ ತಗೊಂಡವರು ದಡ್ಡರಲ್ಲ. 2023ರ ಮಾರ್ಚ್‌ನಲ್ಲಿ ಕಂಪನಿ ಸ್ಟ್ಯಾಂಡರ್ಡನ್ನು 30.40ಕ್ಕೆ ಇಳಿಸಿ, ಹೈ ಮ್ಯಾನ್ಯುಯಲನ್ನು 37.15ಕ್ಕೆ, ಆಟೊಮ್ಯಾಟಿಕನ್ನು 37.90ಕ್ಕೆ ಏರಿಸಿತು. ಅಂತರ 6.75 ಲಕ್ಷಕ್ಕೆ ಹೋಯಿತು. ಹೈ ಮ್ಯಾನ್ಯುಯಲ್‌ನಿಂದ ಆಟೊಮ್ಯಾಟಿಕ್‌ಗೆ ಮಾತ್ರ ಬರೀ 75 ಸಾವಿರ. ಹೈ ಮ್ಯಾನ್ಯುಯಲ್‌ಗೆ ಅರ್ಥವಿಲ್ಲ ಅನ್ನೋದು ಇದಕ್ಕೇ. 2025ರ ಸೆಪ್ಟೆಂಬರ್‌ನ ಜಿಎಸ್‌ಟಿ ಬದಲಾವಣೆ ಆದಮೇಲೆ ಅಂಕಿಗಳು ಬೇರೆ, ಇವತ್ತಿನ ಕೊಟೇಶನ್ ಎದುರಿಗಿಟ್ಟುಕೊಂಡು ಇದೇ ರೀತಿ ಕಳೆದು ನೋಡಿ.

ಇನ್ನೊಂದು: ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಖಾಸಗಿ ಡೀಸೆಲ್ ಗಾಡಿಗೆ ಜೀವಾವಧಿ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ಸೆಸ್. ಎಲ್ಲ ಸೇರಿ ಹತ್ತಿರ ಹತ್ತಿರ ಶೇ. 20. ಅಂದರೆ 2023ರ ಆ 6.75 ಲಕ್ಷದ ಅಂತರಕ್ಕೆ ತೆರಿಗೆಯೇ 1.35 ಲಕ್ಷ ಆಗುತ್ತಿತ್ತು. ವಿಮೆಯನ್ನು ಬಿಟ್ಟು ಆನ್-ರೋಡ್ ಅಂತರ 8 ಲಕ್ಷ ಮುಟ್ಟುತ್ತಿತ್ತು. ಶೋರೂಮಿನಲ್ಲಿ "ಆರು ಲಕ್ಷ ಚಿಲ್ಲರೆ ಅಷ್ಟೇ ಸರ್" ಅಂದರೆ ಈ ಭಾಗ ಹೇಳಿರುವುದಿಲ್ಲ.

ಬಿಳಿ ಬೋರ್ಡಿನಲ್ಲಿ ನೋಂದಾಯಿಸಿದ ಮೇಲೆ ಬೇರೆಯವರ ಮಾಲು ಬಾಡಿಗೆಗೆ ಹೊಡೆಯುವಂತಿಲ್ಲ. ಕೆಲಸದವರನ್ನು ಹಿಂದಿನ ತೊಟ್ಟಿಯಲ್ಲಿ ಕೂರಿಸುವುದು ಕಾನೂನಿಗೆ ವಿರುದ್ಧ, ಅನಾಹುತವಾದರೆ ವಿಮೆ ಕೈ ಎತ್ತುತ್ತದೆ.

ಹಾಸನ, ಡೀಸೆಲ್ ಗ್ಯಾರೇಜ್

ಭಾರದ ಬಗ್ಗೆ ಯಾರೂ ಹೇಳಲಿಲ್ಲ. ದೊಡ್ಡ ಪಿಕಪ್ ಅಂದಮೇಲೆ ಒಂದು ಟನ್ ಹಾಕಬಹುದು ಅಂತ ಅಂದುಕೊಂಡೇ ಎಲ್ಲರೂ ಬರುತ್ತಾರೆ. ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ಕಳೆದರೆ ಬರುವುದರಲ್ಲಿ ಮನುಷ್ಯರೂ ಸೇರಿದರು, ಆಮೇಲೆ ನೀವು ಹಾಕಿಸಿದ ಕಬ್ಬಿಣವೂ ಸೇರಿತು.

ಲೆಕ್ಕದ ರೀತಿ ತೋರಿಸುತ್ತೇನೆ. ವ್ಯತ್ಯಾಸ 780 ಕೆಜಿ ಅಂತಿಟ್ಟುಕೊಳ್ಳಿ. ಐದು ಜನ ಅಂದರೆ 350. ಹಿಂದೆ ಕ್ಯಾನೊಪಿ (ತೊಟ್ಟಿಯ ಮೇಲಿನ ಮುಚ್ಚಿಗೆ) ಹಾಕಿಸಿದರೆ 80, ಸ್ಟೀಲ್ ಬಂಪರ್ ಮತ್ತು ವಿಂಚಿಗೆ (ಸಿಕ್ಕಿಕೊಂಡ ಗಾಡಿ ಎಳೆಯುವ ಯಂತ್ರ) 70. ಉಳಿದದ್ದು 280. ಯೂರಿಯಾ ಮೂಟೆ ಈಗ 45 ಕೆಜಿಯದು, ಆರು ಮೂಟೆಗೆ ಮುಗಿಯಿತು. ಕ್ಯಾನೊಪಿ, ಬಂಪರ್ ಯಾವುದೂ ಇಲ್ಲದೆ ಡ್ರೈವರ್ ಒಬ್ಬರೇ ಇದ್ದರೆ 710 ಉಳಿಯುತ್ತದೆ, ಹದಿನೈದು ಮೂಟೆ ಬರುತ್ತದೆ. ನಿಮ್ಮ ಗಾಡಿಯ ನಿಜವಾದ ಅಂಕಿ ಹಾಕಿ ಇದನ್ನೇ ಮಾಡಿ. ದಿನಾ ಒಂದು ಟನ್ ಎಳೆಯುವ ಕೆಲಸವಿದ್ದರೆ ಅದಕ್ಕೆ ಹಳೆಯ ಬೊಲೆರೊ ಪಿಕಪ್ ಒಂದನ್ನು ಇಟ್ಟುಕೊಳ್ಳಿ. ಹೈಲಕ್ಸ್ ಆ ಕೆಲಸಕ್ಕೆ ಹುಟ್ಟಿದ ಗಾಡಿಯಲ್ಲ, ಇಲ್ಲಿ ಮಾರುವ ರೂಪದಲ್ಲಂತೂ ಅಲ್ಲ.

ಮೂಟೆಗಳನ್ನು ಕ್ಯಾಬಿನ್ನಿನ ಗೋಡೆಗೆ ಒತ್ತಿ ಜೋಡಿಸಿ. ಟೇಲ್‌ಗೇಟ್ ಹತ್ತಿರ ಇಟ್ಟರೆ ಭಾರ ಹಿಂದಿನ ಅಚ್ಚಿನಿಂದಾಚೆ ಬೀಳುತ್ತದೆ, ಮುಂದಿನ ಚಕ್ರ ಹಗುರಾಗಿ ಏರಿನಲ್ಲಿ ಸ್ಟೀರಿಂಗ್ ಹಿಡಿತ ಬಿಡುತ್ತದೆ.

ಗೇರ್‌ಬಾಕ್ಸ್ ವಿಷಯಕ್ಕೆ: ಮ್ಯಾನ್ಯುಯಲ್‌ನಲ್ಲಿ ಕ್ಲಚ್ ಹಾಳಾಗುವುದು ಹೆದ್ದಾರಿಯಲ್ಲಲ್ಲ. ಭಾರ ಹೇರಿಕೊಂಡು ತಿರುವಿನಲ್ಲಿ ರಿವರ್ಸ್ ಹಾಕಿ ಏರು ಹತ್ತಿಸುವಾಗ. ಆಗ ಎಲ್4 ಹಾಕದೆ ಎಚ್2ರಲ್ಲೇ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ) ಅರ್ಧ ಕ್ಲಚ್ ಒತ್ತಿ ನಿಂತರೆ ಸುಟ್ಟ ವಾಸನೆ ಬರುತ್ತದೆ, ಫ್ಲೈವೀಲ್ ನೀಲಿಗಟ್ಟುತ್ತದೆ. ಡ್ರೈವರ್‌ಗೆ ಇದೊಂದನ್ನು ಕಲಿಸಿದರೆ ಮ್ಯಾನ್ಯುಯಲ್ ಬಹಳ ಕಾಲ ಬಾಳುತ್ತದೆ. ಕಲಿಯುವ ಡ್ರೈವರ್ ಅಲ್ಲ, ವರ್ಷಕ್ಕೊಬ್ಬರು ಬದಲಾಗುತ್ತಾರೆ ಅಂದರೆ ಆಟೊಮ್ಯಾಟಿಕ್ ತಗೊಳ್ಳಿ. ಅದರಲ್ಲಿ ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇದೆ, ಅರ್ಧ ಒತ್ತಿ ಸುಡಲು ಕ್ಲಚ್ ಪೆಡಲ್ಲೇ ಇಲ್ಲ. ಅದರ ಎಣ್ಣೆ "ಜೀವಮಾನಕ್ಕೆ ಸಾಕು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಏರು, ಭಾರ, ಬಿಸಿ ಇರುವ ಬಳಕೆಗೆ ಸುಮಾರು 80,000 ಕಿಮೀಗೆ ಬದಲಿಸಿ.

ಪ್ರಶ್ನೆ ಕೇಳಿದವರು

ಧನ್ಯವಾದ. ಹಿಂದಿನ ಎರಡೂ ಚಕ್ರಗಳನ್ನು ಒಂದೇ ವೇಗದಲ್ಲಿ ಸುತ್ತಿಸುವ ಡಿಫರೆನ್ಶಿಯಲ್ ಲಾಕ್ ಬಗ್ಗೆ ಗೊಂದಲ ಇದೆ. ಅದು ಯಾವಾಗ ಬಳಸಬೇಕು? ಮತ್ತೆ 17 ಇಂಚು, 18 ಇಂಚು ಚಕ್ರದಲ್ಲಿ ತೋಟಕ್ಕೆ ಯಾವುದು?

ಮಡಿಕೇರಿ, ಆಫ್‌ರೋಡ್ ತರಬೇತಿ

ಅಣ್ಣಾ, ಚಕ್ರದ ಮಾತು ಮೊದಲು. ಸ್ಟ್ಯಾಂಡರ್ಡ್‌ಗೆ 265/65 ಆರ್17, ಹೈಗೆ 265/60 ಆರ್18. ಹೊರಗಿನ ವ್ಯಾಸ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, 776 ಮತ್ತು 775 ಮಿಮೀ. ಹಾಗಾಗಿ ನೆಲದಿಂದ ಎತ್ತರದಲ್ಲಿ ವ್ಯತ್ಯಾಸವಿಲ್ಲ. ಬದಲಾಗುವುದು ಟೈರಿನ ಪಕ್ಕದ ಗೋಡೆ: 17ರಲ್ಲಿ 172 ಮಿಮೀ, 18ರಲ್ಲಿ 159. ಆ 13 ಮಿಮೀ ರಬ್ಬರು ಕಲ್ಲಿಗೆ ರಿಮ್ ತಾಗದಂತೆ ಕಾಯುತ್ತದೆ, ಗಾಳಿ ಇಳಿಸಿದಾಗ ನೆಲಕ್ಕೆ ಚೆನ್ನಾಗಿ ಹರಡುತ್ತದೆ. ತೋಟಕ್ಕೆ 17 ಇಂಚೇ ಮೇಲು. ಇಲ್ಲಿ ಅಗ್ಗದ ವೇರಿಯಂಟೇ ಗೆಲ್ಲುತ್ತದೆ, ಯಾವ ಸೇಲ್ಸ್‌ಮನ್ನೂ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಎರಡೂ ಅಳತೆ ಫಾರ್ಚೂನರ್‌ಗೂ ಬರುವುದರಿಂದ ಟೈರ್ ಸಿಗುವುದಕ್ಕೆ ತೊಂದರೆಯಿಲ್ಲ.

ಕಂಪನಿಯಿಂದ ಬರುವ ಟೈರು ಟಾರು ರಸ್ತೆಗೆ. ಮಳೆಗಾಲಕ್ಕೆ ಮುಂಚೆ ಐದೂ ಆಲ್-ಟೆರೇನ್‌ಗೆ ಬದಲಿಸಿ. ಸ್ಟೆಪ್ನಿ ಬಿಟ್ಟು ನಾಲ್ಕೇ ಬದಲಿಸಿದರೆ ಪಂಕ್ಚರ್ ಆದ ದಿನ ಬೇರೆ ವ್ಯಾಸದ ಟೈರು ಒಂದು ಕಡೆಗೆ ಬೀಳುತ್ತದೆ, ಆ ಸ್ಥಿತಿಯಲ್ಲಿ ಎಚ್4 (ಮಾಮೂಲಿ ಗೇರಿನಲ್ಲೇ ನಾಲ್ಕೂ ಚಕ್ರಕ್ಕೆ ಬಲ) ಹಾಕಿದರೆ ಮುಂದಿನ ಹಿಂದಿನ ಅಚ್ಚಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಹೊಡೆತ. ಕೆಸರಿನಲ್ಲಿ 22ರಿಂದ 24 ಪಿಎಸ್ಐಗೆ ಇಳಿಸಿ, ಟಾರಿಗೆ ಬಂದ ಕೂಡಲೇ ಬಾಗಿಲಿನ ಪಟ್ಟಿಯಲ್ಲಿರುವ ಅಂಕಿಗೆ ತುಂಬಿಸಿ. 12 ವೋಲ್ಟ್ ಕಂಪ್ರೆಸರ್ ಇಲ್ಲದೆ ಗಾಳಿ ಇಳಿಸಬೇಡಿ.

ಈಗ ಲಾಕ್. ಡೆಲಿವರಿಗೆ ಮುಂಚೆ ನಿಮ್ಮದೇ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಅದರ ಸ್ವಿಚ್ಚನ್ನು ಕಣ್ಣಾರೆ ನೋಡಿ, ಬ್ರೋಷರ್ ನಂಬಿ ಕೂರಬೇಡಿ. ಬಳಸುವ ಕ್ರಮ ಹೀಗೆ: ಗಾಡಿ ಪೂರ್ತಿ ನಿಲ್ಲಿಸಿ, ಆಟೊಮ್ಯಾಟಿಕ್ ಆದರೆ ನ್ಯೂಟ್ರಲ್, ಮ್ಯಾನ್ಯುಯಲ್ ಆದರೆ ಕ್ಲಚ್ ಪೂರ್ತಿ ಒತ್ತಿ, ಎಲ್4ಗೆ ತಿರುಗಿಸಿ. ದೀಪ ಮಿಣುಕುತ್ತಲೇ ಇದ್ದರೆ ಹಲ್ಲು ಕೂಡಿಲ್ಲ ಅಂತ, ಒಂದಡಿ ಮುಂದೆ ಉರುಳಲು ಬಿಡಿ. ಎಲ್4ನಲ್ಲಿ ಮೊದಲು ಹಾಗೇ ಪ್ರಯತ್ನಿಸಿ. ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಎದುರು ಚಕ್ರಕ್ಕೆ ಬಲ ಕಳಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಅರ್ಧಕ್ಕರ್ಧ ಕೆಲಸ ಮುಗಿಸುತ್ತದೆ. ಆಗಲೂ ಆಗದಿದ್ದರೆ ಲಾಕ್. ಆದರೆ ಲಾಕ್ ಒತ್ತಿದಾಗ ಆ ಟ್ರ್ಯಾಕ್ಷನ್ ಕಂಟ್ರೋಲ್ ಮುಂದಿನ ಚಕ್ರಗಳಿಗೂ ಸೇರಿ ಆಫ್ ಆಗಬಹುದು. ಅಡ್ಡಡ್ಡ ಗುಂಡಿಯಲ್ಲಿ ಮುಂದಿನ ಒಂದು ಚಕ್ರ ಗಾಳಿಯಲ್ಲಿ ಸುತ್ತುತ್ತಿದ್ದರೆ ಲಾಕ್ ಒತ್ತಿದ್ದೇ ತಪ್ಪಾಗಬಹುದು. ನೇರ ದಾರಿ, ನಡಿಗೆಯ ವೇಗ, ತಿರುವಿಗೆ ಮುಂಚೆ ಬಿಡಿಸುವುದು. ಇಷ್ಟೇ ನಿಯಮ.

ಒಣ ಟಾರಿನಲ್ಲಿ ಎಚ್4 ಬೇಡವೇ ಬೇಡ. ಇದು ಪಾರ್ಟ್-ಟೈಮ್ 4x4, ಮುಂದಿನ ಹಿಂದಿನ ಅಚ್ಚುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ. ತಿರುವಿನಲ್ಲಿ ಹೆಚ್ಚುವರಿ ಬಲ ಹೊರಹೋಗಲು ದಾರಿಯಿಲ್ಲದೆ ಗಾಡಿ ಜಗ್ಗುತ್ತದೆ. ಹಾಗಂತ ತಿಂಗಳುಗಟ್ಟಲೆ ಬಳಸದೆಯೂ ಇಡಬೇಡಿ. ಮುಂದಿನ ಭಾಗಗಳಿಗೆ ಎಣ್ಣೆ ಹರಿಯಲು ತಿಂಗಳಿಗೆ 16 ಕಿಮೀ ಮಣ್ಣುರಸ್ತೆಯಲ್ಲಿ ಎಚ್4ರಲ್ಲಿ ಓಡಿಸಿ.

ಬೆಂಗಳೂರು–ಚಿಕ್ಕಮಗಳೂರು ಓಡಾಡುವವರು

ಎಲ್ಲರೂ ಸ್ಟ್ಯಾಂಡರ್ಡ್ ಕಡೆ ವಾಲಿದ್ದೀರಿ, ಒಪ್ಪುವುದಿಲ್ಲ. ಗಾಡಿ 5,325 ಮಿಮೀ ಉದ್ದ. ಇದನ್ನು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕ್ಲಚ್ ಒತ್ತಿಕೊಂಡು ಓಡಿಸುವುದು ಶಿಕ್ಷೆ, ಕ್ಲಚ್ಚೂ ಹಗುರಲ್ಲ. ಮನೆಯಲ್ಲಿ ಹಿರಿಯರೋ ಹೆಂಗಸರೋ ಓಡಿಸುವುದಿದ್ದರೆ ಆಟೊಮ್ಯಾಟಿಕ್‌ಗೆ ಕೊಟ್ಟ ದುಡ್ಡು ವ್ಯರ್ಥವಲ್ಲ. ಕೆಸರು ಏರಿನಲ್ಲಿ ನಿಂತಲ್ಲಿಂದ ಹೊರಡಲು 500 ನ್ಯೂಟನ್ ಮೀಟರ್ ಮತ್ತು ಕನ್ವರ್ಟರ್ ಜೋಡಿ ಬಹಳ ಮೆತ್ತಗೆ ಎಳೆಯುತ್ತದೆ, ಚಕ್ರ ಜಾರುವುದು ಕಡಿಮೆ.

ಎಲ್ಇಡಿ ದೀಪದ ಬಗ್ಗೆ ಮಾತ್ರ ಎರಡು ಮನಸ್ಸು. ಹೆದ್ದಾರಿಗೆ ಚೆಂದ. ಚಾರ್ಮಾಡಿಯ ಮಂಜಿನಲ್ಲಿ ಬಿಳಿ ಬೆಳಕು ಮುಖಕ್ಕೇ ವಾಪಸ್ ಬರುತ್ತದೆ. ಒಡೆದರೆ ಇಡೀ ಯೂನಿಟ್ಟೇ ಬದಲಿಸಬೇಕು. ಸ್ಟ್ಯಾಂಡರ್ಡ್‌ನ ಹ್ಯಾಲೊಜೆನ್‌ಗೆ ಬಲ್ಬ್ ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅಂಗಡಿಯವರು ಕೊಡುವ 100 ವ್ಯಾಟಿನ ಬಲ್ಬ್ ಹಾಕಬೇಡಿ, ಹೋಲ್ಡರ್ ಕರಗುತ್ತದೆ.

ಹಾಸನ, ಡೀಸೆಲ್ ಗ್ಯಾರೇಜ್

ಅವರು ಹೇಳುವುದರಲ್ಲಿ ನ್ಯಾಯವಿದೆ, ಬೆಂಗಳೂರು ಓಡಾಟ ಎಷ್ಟು ಅನ್ನೋದರ ಮೇಲೆ ಹೋಗುತ್ತದೆ. ಓಡಾಟ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ: ಡಿಪಿಎಫ್. ಬಿಎಸ್6 ಡೀಸೆಲ್ ಆದ್ದರಿಂದ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ, ಅದು ಸುಟ್ಟು ಸ್ವಚ್ಛವಾಗಲು ಸೈಲೆನ್ಸರ್ ಬಿಸಿಯಾಗಬೇಕು. ಗೇಟಿನಿಂದ ಕಣಕ್ಕೆ, ಕಣದಿಂದ ಮನೆಗೆ ಅಂತ ಎರಡು ಕಿಲೋಮೀಟರ್ ಓಡಿಸಿ ಆಫ್ ಮಾಡುತ್ತಿದ್ದರೆ ಮಸಿ ತುಂಬಿ ದೀಪ ಉರಿಯುತ್ತದೆ. ಅರ್ಧಕ್ಕೆ ನಿಂತ ಸ್ವಚ್ಛತೆಯಿಂದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ. ಮಟ್ಟ ಏರಿದರೆ ಖುಷಿಪಡಬೇಡಿ, ಕೂಡಲೇ ಆಯಿಲ್ ಬದಲಿಸಿ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಡಿಪಿಎಫ್ ಗಾಡಿಗೆ ಕಂಪನಿ ಕೊಡುವ ಪುಸ್ತಕದಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್ಲೇ ಹಾಕಬೇಕು, ಟ್ರ್ಯಾಕ್ಟರ್ ಡಬ್ಬದಿಂದ ಸುರಿಯುವಂತಿಲ್ಲ. ಇದರಲ್ಲಿ ವೇರಿಯಂಟ್ ಭೇದವಿಲ್ಲ.

ಹಳ್ಳದ ಬಗ್ಗೆ: 700 ಮಿಮೀ ಅಂತ ಕಂಪನಿ ಹೇಳುವುದು ನಿಧಾನಕ್ಕೆ ಹೋದರೆ. ಕೋಲು ಇಳಿಸಿ ಆಳ ನೋಡಿ, ಎಲ್4, ಎರಡನೇ ಗೇರು, ನಿಲ್ಲದೆ ನಡಿಗೆ ವೇಗ. ಮಳೆಗಾಲದ ನಂತರ ಹಿಂದಿನ ಡಿಫರೆನ್ಶಿಯಲ್‌ನ ಪ್ಲಗ್ ಬಿಚ್ಚಿ ನೋಡಿ, ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ. ಪ್ರೊಪೆಲ್ಲರ್ ಶಾಫ್ಟಿನ ನಿಪ್ಪಲ್‌ಗಳಿಗೆ ಗ್ರೀಸ್ ಗನ್ ಹಾಕಿ. ಸರ್ವಿಸ್ ಸೆಂಟರ್‌ನಲ್ಲಿ ಇದನ್ನು ಬಾಯಿಬಿಟ್ಟು ಕೇಳದಿದ್ದರೆ ಬಿಟ್ಟೇ ಬಿಡುತ್ತಾರೆ. ಸ್ಟೆಪ್ನಿ ತೊಟ್ಟಿಯ ಅಡಿಯಲ್ಲಿ ಸರಪಳಿಗೆ ನೇತಾಡುತ್ತದೆ, ಕೆಸರು ತುಂಬಿ ಜಾಮ್ ಆಗುತ್ತದೆ. ಮೂರು ತಿಂಗಳಿಗೊಮ್ಮೆ ಇಳಿಸಿ ತೊಳೆದು ಏರಿಸಿ.

ಸಕಲೇಶಪುರ, ಕಾಫಿ ಮತ್ತು ಮೆಣಸು

ಸ್ಟ್ಯಾಂಡರ್ಡ್ ತಗೊಂಡರೆ ಉಳಿಯುವ ದುಡ್ಡಿನಲ್ಲಿ ಮೊದಲು ತೊಟ್ಟಿಗೆ ಸ್ಪ್ರೇ ಲೈನರ್ ಹೊಡೆಸಿ. ಕೂರಿಸುವ ಪ್ಲಾಸ್ಟಿಕ್ ಲೈನರ್ ಬೇಡ, ಅದರಡಿ ಗೊಬ್ಬರದ ಪುಡಿ, ನೀರು ಸೇರಿ ಬೆಸುಗೆಯ ಸಾಲಿನಲ್ಲಿ ತುಕ್ಕು ಶುರುವಾದರೆ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು ಆಲ್-ಟೆರೇನ್ ಟೈರು. ಮೂರನೆಯದು ಎಂಟು ಟನ್ನಿನ ಎಳೆಯುವ ಪಟ್ಟಿ, ಎರಡು ಡಿ-ಶ್ಯಾಕಲ್, ಒಂದು ಸಲಿಕೆ. ವಿಂಚು ಆಮೇಲೆ, ಅದೂ ನಿಮ್ಮ ಹಳ್ಳದ ದಂಡೆಯಲ್ಲಿ ಕಟ್ಟಿ ಎಳೆಯಲು ಗಟ್ಟಿ ಮರವಿದ್ದರೆ.

ಹಳೆಯ ಗಾಡಿ ನೋಡುವ ಮನಸ್ಸಿದ್ದರೆ 2022ರ ಹೈ ಮ್ಯಾನ್ಯುಯಲ್ ಹುಡುಕಿ. ಆಗ ಕಡಿಮೆ ಅಂತರದಲ್ಲಿ ಮಾರಿದ್ದರಿಂದ ಅವುಗಳ ಬೆಲೆ ಹೊಸ ಸ್ಟ್ಯಾಂಡರ್ಡ್‌ಗಿಂತ ಕೆಳಗೇ ಇರಬೇಕು, ಮೇಲೆ ಹೇಳಿದರೆ ಚೌಕಾಸಿ ಮಾಡಿ. ಟೆಸ್ಟ್ ಡ್ರೈವ್‌ನ್ನು ಶೋರೂಮಿನ ಸುತ್ತ ಮುಗಿಸಬೇಡಿ. ಗಾಡಿಯನ್ನು ನಿಮ್ಮ ಗೇಟಿಗೇ ತರಿಸಿ, ಕಣದ ಏರಿನ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುತ್ತದಾ, ಹಿಂದೆ ಮುಂದೆ ಮಾಡಬೇಕಾ ಅಂತ ನೋಡಿ. ಮಾಡಬೇಕಾಗಿ ಬಂದರೆ, ಡ್ರೈವರ್ ಅದನ್ನು ಎಲ್4ರಲ್ಲಿ ಮಾಡುವವರಾ ಅನ್ನೋದನ್ನೂ ಅಲ್ಲೇ ನೋಡಿಬಿಡಿ. ಗೇರ್‌ಬಾಕ್ಸ್ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ.