ಎರಡೂವರೆ ಅಂಗುಲದ ಕಲೆ

ಭಾನುವಾರ ಬೆಳಗ್ಗೆ ಬಸವನಗುಡಿಯ ನಮ್ಮ ಮನೆಗೆ ಕಾಫಿಗೆ ಬರುವವರು ಮೂವರು: ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಗುಂಡಣ್ಣ, ಎದುರುಮನೆಯ ಪದ್ಮಕ್ಕ. ಮೊನ್ನೆ ಮೂವರ ಕಣ್ಣೂ ನನ್ನ ಬೆರಳುಗಳ ಮೇಲೆ ಬಿತ್ತು. ಹತ್ತಕ್ಕೆ ಹತ್ತೂ ನೀಲಿ.

"ಒಬ್ಬನಿಗೆ ಒಂದೇ ಮತ ಕಣಯ್ಯಾ," ಎಂದ ಗುಂಡಣ್ಣ.

"ಆ ಶಾಯಿ ಬೇರೆ. ಅದು ಮೈಸೂರಿನಲ್ಲಿ ತಯಾರಾಗುತ್ತದೆ, ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ, ತೊಳೆದರೆ ಹೋಗುವುದಿಲ್ಲ. ಇದು ಸೋಪಿಗೆ ಹೋಗುತ್ತದೆ."

"ಯಾವಾಗಿನಿಂದ ತೊಳೆಯುತ್ತಿದ್ದೀಯ?"

"ಗುರುವಾರದಿಂದ."

ಒಳಗಿನಿಂದ ನನ್ನಾಕೆ, ಬಿಳಿ ಟವೆಲಿನ ಮೇಲಿನ ಕಲೆಯೂ ಗುರುವಾರದ್ದೇ ಎಂದಳು. ಮೇಷ್ಟ್ರು ಕಾಫಿ ಕೆಳಗಿಟ್ಟು, "ಕಲೆ ಎಂಬ ಮಾತಿಗೆ ಎರಡು ಅರ್ಥ ಇಟ್ಟವರಿಗೆ ನಿನ್ನ ಕೈ ಮೊದಲೇ ಗೊತ್ತಿತ್ತು," ಎಂದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ತಟ್ಟೆ ತಂದು ಮುಂದಿಟ್ಟೆ. ಅದರಲ್ಲಿ ಇಸ್ಪೀಟೆಲೆ ಗಾತ್ರದ ಕಾರ್ಡುಗಳು. ಅಗಲ ಎರಡೂವರೆ ಅಂಗುಲ, ಉದ್ದ ಮೂರೂವರೆ. 1997ರಲ್ಲಿ ಜ್ಯೂರಿಚ್‌ನಲ್ಲಿ ವಾಂಚಿ ಸ್ಟಿರ್ನೆಮನ್ ಎಂಬ ಕಲಾವಿದ ಹುಟ್ಟುಹಾಕಿದ ಪದ್ಧತಿ ಇದು: ಈ ಅಳತೆಯಲ್ಲಿ ಏನು ಬೇಕಾದರೂ ಮಾಡಿ, ಮಾರಬೇಡಿ, ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳಿ.

"ಮಾರಬಾರದೆಂಬುದು ನಿನಗೆ ಕಷ್ಟದ ನಿಯಮವೇನಲ್ಲ ಬಿಡು," ಎಂದ ಗುಂಡಣ್ಣ. ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಒಂದು ಚಿತ್ರದ ಮುಂದೆ ನಿಂತು "ಚದರಡಿಗೆ ಎಷ್ಟು?" ಎಂದು ಕೇಳಿದ ಮಹಾನುಭಾವ ಇವನು. ಕಾರ್ಡನ್ನು ತಿರುಗಿಸಿ ನೋಡಿ, "ಬೆಂಗಳೂರಿನಲ್ಲಿ ನಮ್ಮಂಥವರ ಕೈಗೆಟಕುವ ನಿವೇಶನವೂ ಇನ್ನು ಇಷ್ಟೇ," ಎಂದ.

ಮಾಡುವ ಬಗೆಯನ್ನು ಹೇಳಲು ಹೊರಟರೆ ನನಗೆ ಹೊತ್ತು ಗೊತ್ತಾಗುವುದಿಲ್ಲ. ಮೊದಲು ಕಾರ್ಡಿಗೆ ತೆಳುವಾಗಿ ಜೆಸ್ಸೊ ಬಳಿಯಬೇಕು. ಸೀಮೆಸುಣ್ಣದಂಥ ಪುಡಿಯನ್ನು ಅಕ್ರಿಲಿಕ್ ಅಂಟಿನಲ್ಲಿ ಕಲಸಿದ ಬಿಳಿ ಲೇಪ ಅದು. ಒಣಗಿದ ಮೇಲೆ ಗಾಂಧಿಬಜಾರಿನಲ್ಲಿ ಸಿಗುವ ಪ್ಲಾಸ್ಟಿಕ್ ರಂಗೋಲಿ ಅಚ್ಚನ್ನು ಮೇಲಿಟ್ಟು, ಅದರ ತೂತುಗಳ ಮೂಲಕ ಇನ್ನಷ್ಟು ಜೆಸ್ಸೊ ಸವರಬೇಕು. ಅಚ್ಚನ್ನು ಮೆಲ್ಲಗೆ ಎತ್ತಿದರೆ ಸಾಸಿವೆ ಕಾಳಿನಂಥ ಉಬ್ಬುಗಳು. ಅದೂ ಒಣಗಿದ ಮೇಲೆ ನೀರು ಬೆರೆಸಿದ ಶಾಯಿ ಸುರಿದು, ಅರೆನಿಮಿಷ ಬಿಟ್ಟು, ಬಟ್ಟೆಯಿಂದ ಒಂದೇ ಸಲ ಒರೆಸಬೇಕು. ಉಬ್ಬಿದ ಕಡೆ ಶಾಯಿ ಬಟ್ಟೆಗೆ ಹೋಗುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಮಳೆ ನಿಂತ ಮೇಲೆ ನಮ್ಮ ರಸ್ತೆ ಹೇಗಿರುತ್ತದೆಯೋ ಹಾಗೆ.

"ಮೈಸೂರು ಚಿತ್ರಗಳಲ್ಲಿ ಸಫೇದ ಎಂಬ ಬಿಳಿ ಪುಡಿಗೆ ಅಂಟು ಕಲಸಿ ಉಬ್ಬುಗೆರೆ ಎಳೆದು, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು," ಎಂದರು ಮೇಷ್ಟ್ರು. "ತಂಜಾವೂರಿನವರದು ದಪ್ಪ, ನಮ್ಮವರದು ತೆಳು. ನಿನ್ನದು ಇಡ್ಲಿ ಹಿಟ್ಟು."

"ಆ ಅಚ್ಚು ನನ್ನದು," ಎಂದರು ಪದ್ಮಕ್ಕ. "ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಟ್ಟದ್ದು. ತೂತೆಲ್ಲ ಮುಚ್ಚಿಹೋಗಿದೆ."

ಈರುಳ್ಳಿ ಚೀಲದ ಬಲೆ, ತೆಂಗಿನ ನಾರು, ಹಳೆಯ ಹಲ್ಲುಜ್ಜುವ ಬ್ರಷ್ಷು ಎಲ್ಲವೂ ಈ ಕೆಲಸಕ್ಕೆ ಬರುತ್ತವೆ. ಒರಟು ಕಾಗದದ ಮೇಲಿನ ಹಸಿ ಶಾಯಿಗೆ ಉಪ್ಪು ಉದುರಿಸಿದರೆ ಹರಳು ನೀರನ್ನು ಹೀರಿ ಸುತ್ತಲೂ ಹೂವು ಬಿಡಿಸುತ್ತದೆ.

"ಎಲ್ಲಾ ಸರಿ, ಇದರ ಮೇಲೆ ಚಿತ್ರ ಎಲ್ಲಿ?" ಎಂದ ಗುಂಡಣ್ಣ.

ಅಲ್ಲಿಗೇ ಬಂದ. ನನ್ನ ಬಳಿ ನಲವತ್ಮೂರು ಹಿನ್ನೆಲೆಗಳಿವೆ, ಚಿತ್ರ ಒಂದೂ ಇಲ್ಲ. ಅಷ್ಟು ಚೆಂದವಾಗಿ ಕುಳಿತ ಶಾಯಿಯ ಮೇಲೆ ಚಿಟ್ಟೆ ಅಂಟಿಸಲು ನನಗೆ ಮನಸ್ಸೇ ಬರುವುದಿಲ್ಲ. ಅಂಟಿಸುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೂ ಇಲ್ಲ.

"ಪರದೆ ಏರಿದೆ, ರಾಜಪಾರ್ಟಿನವನು ಬಂದಿಲ್ಲ," ಎಂದರು ಮೇಷ್ಟ್ರು.

"ಇದರಲ್ಲಿ ಬಂದಿದ್ದಾನಲ್ಲ!" ಎಂದು ಪದ್ಮಕ್ಕ ಒಂದು ಕಾರ್ಡನ್ನು ಬೆಳಕಿಗೆ ಹಿಡಿದರು. ನೀಲಿಯ ನಡುವೆ ಗಣಪತಿ, ಸೊಂಡಿಲಿನ ಸುರುಳಿಯಲ್ಲಿ ಗಾಢ ಶಾಯಿ. "ಎಷ್ಟು ಚೆನ್ನಾಗಿ ಬಿಡಿಸಿದ್ದೀಯ." ಆಮೇಲೆ ಅವರ ಹುಬ್ಬು ಮೆಲ್ಲಗೆ ಮೇಲೇರಿತು. ಮೂಲೆಯಲ್ಲಿ ಜೆಸ್ಸೊ ತಾಗದ ಕಡೆ ಕೆಂಪಕ್ಷರದಲ್ಲಿ "ಚಿ|| ಸೌ||" ಎಂದಿತ್ತು.

ಲಗ್ನಪತ್ರಿಕೆಯ ಕಾಗದದಷ್ಟು ಗಟ್ಟಿ ಕಾಗದ ಇನ್ನೊಂದಿಲ್ಲ. ಮನೆಗೆ ಬಂದದ್ದನ್ನೆಲ್ಲ ಕತ್ತರಿಸುತ್ತೇನೆ. ಮದುವೆ ಮುಗಿದಿದೆಯೇ ಎಂದು ನೋಡಿ ಕತ್ತರಿಸುವ ಅಭ್ಯಾಸ ಮಾತ್ರ ಇನ್ನೂ ಬಂದಿಲ್ಲ.

"ಇದು ನನ್ನ ಮಗಳ ಮದುವೆಯದು."

"ಅಕ್ಕಾ, ಓದಿಯೇ ಕತ್ತರಿಸಿದ್ದು."

"ಹೌದೆ? ಮುಹೂರ್ತ ಎಷ್ಟು ಗಂಟೆಗೆ?"

ತಟ್ಟೆಯನ್ನೆಲ್ಲ ತಡಕಿದೆ. ಒಂದರಲ್ಲಿ "ಲಗ್ನದಲ್ಲಿ" ಎಂದಿತ್ತು, ಇನ್ನೊಂದರಲ್ಲಿ ಉಪ್ಪಿನ ಹೂವು. ಮಿಕ್ಕ ತುಂಡನ್ನು ಹಿಂದಿನ ವಾರವೇ ಒಂದು ಹಳೆಯ ಬಸ್ ಪಾಸಿಗೆ ಗುಂಡಣ್ಣನಿಗೆ ಬದಲಾಯಿಸಿದ್ದೆ. ಅವನು ಪರ್ಸಿನಿಂದ ಅದನ್ನು ತೆಗೆದು ಕಣ್ಣು ಕಿರಿದಾಗಿಸಿದ.

"'ಉಡುಗೊರೆಗಳನ್ನು ದಯವಿಟ್ಟು'... ಇಷ್ಟೇ ಕಾಣುತ್ತದೆ. ಮುಂದೆಲ್ಲ ಇಡ್ಲಿ ಹಿಟ್ಟು. ತನ್ನಿ ಎಂದೋ, ತರಬೇಡಿ ಎಂದೋ?"

"ನಿಮಗೆಲ್ಲ ತರಬೇಡಿ ಎಂದು," ಎಂದರು ಪದ್ಮಕ್ಕ. "ಇವನಿಗೆ ಮಾತ್ರ ತನ್ನಿ ಎಂದು. ಅಂಗಡಿಯಲ್ಲಿ ಕೊಂಡದ್ದು."