ಹಳೆಯ ಸಿಂಪಡಣೆ ಡ್ರೋನ್ ಕೊಳ್ಳುವ ಮುನ್ನ ಯಾವ ದಾಖಲೆ ನೋಡಬೇಕು?

ಪ್ರಶ್ನೆ (ಪಾಂಡವಪುರದ ರೈತ):
ಮಾನ್ಯರೇ, ಕಬ್ಬು ಆಳೆತ್ತರ ಬೆಳೆದ ಮೇಲೆ ಬೆನ್ನಿಗೆ ಕ್ಯಾನ್ ಹೊತ್ತು ಒಳಗೆ ನುಗ್ಗಿ ಔಷಧಿ ಹೊಡೆಯಲು ನಮ್ಮ ಕಡೆ ಆಳುಗಳು ಸಿಗುವುದಿಲ್ಲ. ಆದ್ದರಿಂದ ಹತ್ತು ಲೀಟರ್ ಟ್ಯಾಂಕಿನ ಹಳೆಯ ಡ್ರೋನ್ ಕೊಂಡು, ಅಕ್ಕಪಕ್ಕದವರಿಗೂ ಬಾಡಿಗೆಗೆ ಸಿಂಪಡಿಸಬೇಕೆಂದಿದ್ದೇನೆ. ಕೃಷಿಗಾದರೆ ಯಾವ ಲೈಸೆನ್ಸೂ ಬೇಡ ಎಂದು ಮಾರುವವರು ಹೇಳುತ್ತಿದ್ದಾರೆ. ಇದು ನಿಜವೇ? ಕಡಕೊಳದಲ್ಲಿರುವ ಭಾವನವರ ಗದ್ದೆಗೂ ಹಾರಿಸಬಹುದೇ?

ಉತ್ತರ 1 (ಡ್ರೋನ್ ತರಬೇತುದಾರ, ಮೈಸೂರು):
ನಿಜವಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ಯಂತ್ರಕ್ಕೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಗೆ ಸಿಕ್ಕ ಅನುಮೋದನೆ ಪತ್ರ) ಹಾಗೂ ವಿಶಿಷ್ಟ ಗುರುತಿನ ಸಂಖ್ಯೆ ಇರಬೇಕು. ಹಾರಿಸುವವರ ಬಳಿ ಡಿಜಿಸಿಎ (ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಮಾನ್ಯತೆಯ ಸಂಸ್ಥೆಯಲ್ಲಿ ತರಬೇತಿ ಪಡೆದ ರಿಮೋಟ್ ಪೈಲಟ್ ಪ್ರಮಾಣಪತ್ರವಿರಬೇಕು. ಹಳೆಯದಾದರೆ ಗುರುತಿನ ಸಂಖ್ಯೆ ನಿಮ್ಮ ಹೆಸರಿಗೆ ವರ್ಗವಾಗದೆ ಹಣ ಕೊಡಬೇಡಿ.

ತೂಕದ ವಿಷಯದಲ್ಲಿ ಬಹಳ ಎಚ್ಚರ ಬೇಕು. 2ರಿಂದ 25 ಕಿಲೋವರೆಗೆ ಸಣ್ಣ ವರ್ಗ, ಅದರಾಚೆ 150 ಕಿಲೋವರೆಗೆ ಮಧ್ಯಮ ವರ್ಗ. ಇಲ್ಲಿ ಲೆಕ್ಕಕ್ಕೆ ಬರುವುದು ಖಾಲಿ ಯಂತ್ರವಲ್ಲ, ಬ್ಯಾಟರಿ ಮತ್ತು ತುಂಬಿದ ಟ್ಯಾಂಕ್ ಸಮೇತ ಗರಿಷ್ಠ ತೂಕ. ಹಿಂದಿನ ಮಾಲೀಕರು ದೊಡ್ಡ ಟ್ಯಾಂಕ್ ಕೂರಿಸಿದ್ದರೆ ವರ್ಗವೇ ಬದಲಾಗಿರಬಹುದು. ಕಂಪನಿಯಿಂದ ಬಂದ ಟ್ಯಾಂಕೇ ಇದೆಯೇ ಎಂದು ಕಣ್ಣಾರೆ ನೋಡಿ.

ಉತ್ತರ 2 (ವಕೀಲರು, ಮೈಸೂರು):
ಕಡಕೊಳ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ತೀರ ಹತ್ತಿರವಿದೆ. ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರ್ ಆಚೆ 200 ಅಡಿ ಎತ್ತರದವರೆಗೆ, 12 ಕಿಲೋಮೀಟರ್ ಆಚೆ 400 ಅಡಿ ಎತ್ತರದವರೆಗೆ ಸಾಮಾನ್ಯವಾಗಿ ಹಸಿರು ವಲಯ, ಅಂದರೆ ಮುಂಚಿತ ಅನುಮತಿ ಬೇಡದ ಜಾಗ. 8 ಕಿಲೋಮೀಟರಿಗಿಂತ ಒಳಗೆ, ಬೆಳೆಯ ನೆತ್ತಿಗೆ ತಾಗುವಂತೆ ಹಾರಿಸಿದರೂ ಮುಂಚಿತ ಅನುಮತಿ ಇಲ್ಲದಿದ್ದರೆ ಅಪರಾಧವೇ. ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಗದ್ದೆ ಎಲ್ಲಿ ಬೀಳುತ್ತದೆಂದು ಮೊದಲು ನೋಡಿಕೊಳ್ಳಿ. ನಿಯಮ ಮೀರಿದರೆ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಉತ್ತರ 3 (ರೇಷ್ಮೆ ಬೆಳೆಗಾರರು, ಮದ್ದೂರು):
ವಿಮೆಯ ಮಾತನ್ನೂ ಸೇರಿಸುತ್ತೇನೆ. ಮೂರನೆಯವರಿಗಾಗುವ ಹಾನಿಗೆ ವಿಮೆ ಕಡ್ಡಾಯ. ಆದರೆ ಗಾಳಿಗೆ ತೇಲಿಬಂದ ಕೀಟನಾಶಕ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಬಿದ್ದು, ಆ ಸೊಪ್ಪು ತಿಂದ ಹುಳು ಸತ್ತರೆ ಆ ನಷ್ಟವೂ ಪಾಲಿಸಿಯಲ್ಲಿ ಬರುತ್ತದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಸಿಂಪಡಿಸುವ ಮುಂಚೆ ಅಕ್ಕಪಕ್ಕದವರಿಗೆ ತಿಳಿಸುವುದನ್ನು ದಯವಿಟ್ಟು ತಪ್ಪಿಸಬೇಡಿ. ನಮ್ಮಂಥವರಿಗೆ ಒಂದು ದಿನ ಮೊದಲೇ ಗೊತ್ತಾದರೆ ಸೊಪ್ಪು ಕೊಯ್ದಿಟ್ಟುಕೊಳ್ಳುತ್ತೇವೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮಗನಿಗೆ 18 ತುಂಬಿದೆ, ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಾನೆ. ಅವನನ್ನು ಮೊದಲು ತರಬೇತಿಗೆ ಸೇರಿಸಿ, ಡ್ರೋನಿನ ಮಾತನ್ನು ಆಮೇಲೆ ಆಡುತ್ತೇನೆ.